ಒಂಟಿ ಚಪ್ಪಲಿಯ ಪಾಲು

ಮನೆ ಪಾಲಾಗುವಾಗ ಅಕ್ಕನೂ ಭಾವನೂ ಒಂದು ಮಾತನ್ನೂ ದನಿ ಎತ್ತರಿಸಿ ಆಡಿರಲಿಲ್ಲ. ಕುಕ್ಕರ್ ನಿನಗೆ, ಮಂಚ ನನಗೆ, ಕುರ್ಚಿ ಒಂದೊಂದು, ಕನ್ನಡಿ ಇಬ್ಬರಿಗೂ ಬೇಡ. ಹೀಗೆ ಅರ್ಧ ದಿನದಲ್ಲಿ ಹದಿನಾರು ವರ್ಷದ ಸಂಸಾರವನ್ನು ಎತ್ತಿಟ್ಟು ಕೈ ತೊಳೆದುಕೊಂಡಿದ್ದರು. ಇಷ್ಟು ಹೊಂದಿಕೊಂಡು ಬೇರೆಯಾಗಬಲ್ಲವರು ಇಷ್ಟೇ ಹೊಂದಿಕೊಂಡು ಜೊತೆಗಿರಬಾರದಿತ್ತೇ ಎಂದು ನೋಡಿದವರಿಗೆ ಅನಿಸಬೇಕು, ಹಾಗೆ. ಜಗಳವೆಲ್ಲ ಒಂದು ಹಾಡಿಗಾಗಿ ಕಾದು ಕೂತಿತ್ತು. ಅದೂ ಎಂಥ ಹಾಡು? ಚಪ್ಪಲಿಯ ಮೇಲಿನ ಹಾಡು.

ಅಕ್ಕ ಅಂದರೆ ಡಬ್ಬಿಯ ಒಡಹುಟ್ಟಿದ ಅಕ್ಕ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವಳು ಗುನುಗುತ್ತಾ ಸೂಜಿ ಚುಚ್ಚಿದರೆ ಎಂಥ ಅಂಜುಬುರುಕನೂ ತೋಳು ಕೊಟ್ಟು ಸುಮ್ಮನಿರುತ್ತಿದ್ದ. ಬ್ಯಾಂಡಿನ ಕಂಠವೂ ಅವಳೇ. ಭಾವ ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಕಟ್ಟಡಗಳ ಹೊಟ್ಟೆಯೊಳಗೆ ತಂತಿ ಎಳೆದು, ಗ್ರೀಸ್ ಹತ್ತಿದ ಉಗುರುಗಳಲ್ಲೇ ಬಂದು ಗಿಟಾರ್ ಮೀಟುತ್ತಿದ್ದ. ಪಿಟೀಲು ಮೇಷ್ಟ್ರದು, ಹೈಸ್ಕೂಲಿನಲ್ಲಿ ಗಣಿತ ಹೇಳುವವರಾದ್ದರಿಂದ ಅವರಿಗೆ ಜಗತ್ತಿನಲ್ಲಿ ಭಾಗವಾಗದ ವಸ್ತು ಯಾವುದೂ ಇರಲಿಲ್ಲ. ಇನ್ನು ಡಬ್ಬಿ. ಪುಸ್ತಕಕ್ಕೆ ಬೈಂಡ್ ಹಾಕುವವನು. ತಗಡಿನ ಟ್ರಂಕು, ಬಿಸ್ಕತ್ತಿನ ಡಬ್ಬ, ಪೇಂಟಿನ ಬಕೆಟ್ಟು, ಒಂದು ಹಳೆಯ ಸೂಟ್‌ಕೇಸು, ಇವುಗಳ ನಡುವೆ ಕೂತು ಬಡಿಯುತ್ತಿದ್ದ. ನಿಜವಾದ ಡ್ರಮ್ಮು ಕೊಳ್ಳೋಣ ಎಂದು ಯಾರಾದರೂ ಅಂದರೆ, 'ಇದ್ರಲ್ಲಿ ಇಲ್ಲದ್ದು ಅದ್ರಲ್ಲಿ ಏನಿದೆ?' ಅನ್ನುತ್ತಿದ್ದ. ಹಾಗಾಗಿ ಡಬ್ಬಿ. ಅಕ್ಕನನ್ನೂ ಹೆಂಡತಿಯನ್ನೂ ಬಿಟ್ಟರೆ ಬೇರೆ ಹೆಸರಿನಿಂದ ಅವನನ್ನು ಯಾರೂ ಕರೆದದ್ದಿಲ್ಲ.

ಬ್ಯಾಂಡಿಗೆ 'ಕೊಡೆ ರಿಪೇರಿ' ಎಂಬ ಹೆಸರು ಬಂದದ್ದು ಬಾಡಿಗೆ ಕೋಣೆಯಿಂದ. ಸೈಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಮೊದಲು ಕೊಡೆ ರಿಪೇರಿಯವನೊಬ್ಬನಿದ್ದ. ಅವನು ಹೋದ, ಬೋರ್ಡು ಹೋಗಲಿಲ್ಲ. ಮೊದಲ ತಿಂಗಳಲ್ಲಿ ಮೂವರು ಮುರಿದ ಕೊಡೆ ಹಿಡಿದು ಮೆಟ್ಟಿಲು ಹತ್ತಿ ಬಂದು, ಹಾಡು ಕೇಳಿ, ಕೊಡೆ ಅಲ್ಲೇ ಮರೆತು ಹೋಗಿದ್ದರು. ಅವರೇ ಮೊದಲ ಶ್ರೋತೃಗಳು. ಆಮೇಲೆ ಹದಿನೆಂಟು ವರ್ಷಗಳಲ್ಲಿ ಕಾಲೇಜು, ಪುಸ್ತಕದಂಗಡಿ, ಮೈದಾನ, ಮದುವೆಯ ಹಾಲ್ ಎಲ್ಲ ಆಯಿತು. ರೇಡಿಯೋದಲ್ಲಿ ಬಂದದ್ದೂ ಆಯಿತು. ಹಳ್ಳಿಯ ಪದವನ್ನೂ ಗಿಟಾರಿನ ಗದ್ದಲವನ್ನೂ ಬೆರೆಸಿದ ಇವರ ಸಂಗೀತ ಯಾವ ಜಾತಿಯದು ಎಂದು ಬರೆಯುವವರು ತಲೆ ಕೆಡಿಸಿಕೊಂಡರು. ಇವರು ಕೆಡಿಸಿಕೊಳ್ಳಲಿಲ್ಲ.

ಇವರಿಗೆ ಎರಡೇ ಕಟ್ಟಳೆ. ಎರಡನ್ನೂ ಮೇಷ್ಟ್ರು ಮೊದಲ ವಾರವೇ ಮಾಡಿದ್ದು. ಒಂದು, ಯಾರೇ ಹೊಸ ಹಾಡು ತರಲಿ, ಉಳಿದ ಪ್ರತಿಯೊಬ್ಬರೂ ಅದಕ್ಕೆ ಕೈ ಹಾಕಿ ಏನಾದರೂ ಒಂದನ್ನು ಬದಲಾಯಿಸಲೇಬೇಕು. ಚೆನ್ನಾಗಿದೆ, ಹಾಗೇ ಇರಲಿ ಅನ್ನುವಂತಿಲ್ಲ. ಎರಡು, ಹಾಡನ್ನು ಮೊದಲು ಕೋಣೆಗೆ ತಂದವರ ಹೆಸರು ಪುಸ್ತಕದಲ್ಲಿ ಬರೆಯಬೇಕು. ತಂದವರು ಬ್ಯಾಂಡ್ ಬಿಟ್ಟರೆ ಹಾಡೂ ಅವರ ಹಿಂದೆ ಹೋಗಬೇಕು, ಮಿಕ್ಕವರು ಆಮೇಲೆ ಅದನ್ನು ಗುನುಗಲೂ ಕೂಡದು. ತಮಾಷೆಗೆ ಮಾಡಿದ್ದಲ್ಲ. ಐದನೆಯವನಾಗಿದ್ದ ಮೌತ್ ಆರ್ಗನ್ನಿನ ಉದ್ದಣ್ಣ ಹದಿನೈದು ವರ್ಷದ ಹಿಂದೆ ಬಿಟ್ಟು ಹೋದಾಗ ನಾಲ್ಕು ಹಾಡು ಎದ್ದು ಹೋದವು. ಜನ ಸಭೆಯಲ್ಲಿ ಎದ್ದು ನಿಂತು ಕೂಗಿ ಕೇಳಿದರೂ ಇವರು ತುಟಿ ಬಿಚ್ಚಲಿಲ್ಲ. ಸ್ನೇಹ ಉಳಿಯಬೇಕು ಅಂದರೆ ಹೀಗೇ ಇರಬೇಕು ಅಂತ ಮೇಷ್ಟ್ರ ಲೆಕ್ಕ. ಸ್ನೇಹ ಉಳಿಯಿತೋ ಇಲ್ಲವೋ, ಹಾಡು ನಾಲ್ಕು ಕಮ್ಮಿಯಾದವು.

ಆ ಪುಸ್ತಕಕ್ಕೆ ನೀಲಿ ಬಟ್ಟೆಯ ರಟ್ಟು ಹಾಕಿ ಹೊಲಿದು ಕೊಟ್ಟವನು ಡಬ್ಬಿಯೇ. ಅದರೊಳಗೆ ಅವನ ಹೆಸರು ಮಾತ್ರ ಒಂದು ಕಡೆಯೂ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಅವನು ಒಂದು ಹಾಡನ್ನೂ ತಂದಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ನಾಲ್ವರೂ ಕೋಣೆಯಲ್ಲಿ ಸೇರಿದ್ದು ಪಾಲು ಮಾಡುವುದಕ್ಕೇ. ಅಕ್ಕ ಬೇರೆ ಊರಿನ ಲ್ಯಾಬಿಗೆ ವರ್ಗ ಮಾಡಿಸಿಕೊಂಡಿದ್ದಳು. ಇನ್ನು ಹಾಡುವುದಿಲ್ಲ ಎಂದೂ ಹೇಳಿಬಿಟ್ಟಿದ್ದಳು. ಭಾವ ಹೊಸಬರನ್ನೇ ಸೇರಿಸಿಕೊಂಡು ಬೇರೆ ಬ್ಯಾಂಡ್ ಕಟ್ಟುವವನಿದ್ದ, ಮೇಷ್ಟ್ರೂ ಡಬ್ಬಿಯೂ ಅದರಲ್ಲಿ ಇರುವವರಲ್ಲ. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ ಪುಸ್ತಕ ತೆರೆದರು.

ಮೊದಲ ಇಪ್ಪತ್ತು ಹಾಡು ಕಣ್ಣು ಮುಚ್ಚಿ ಬಿಡುವುದರೊಳಗೆ ಮುಗಿದವು. ಮೇಷ್ಟ್ರು ಹಾಡಿನ ಹೆಸರು ಓದುವುದು, ತಂದವರು 'ಹ್ಞೂಂ' ಅನ್ನುವುದು, ಮೇಷ್ಟ್ರು ಗುರುತು ಹಾಕುವುದು. ಹಾಜರಿ ಕರೆದ ಹಾಗೆ. ಡಬ್ಬಿ ತನ್ನ ಟ್ರಂಕಿನ ಮೇಲೆ ಕೂತು ಒಂದೊಂದು 'ಹ್ಞೂಂ'ಗೂ ಒಂದೊಂದು ರಾತ್ರಿಯ ಬಸ್ಸು, ಒಂದೊಂದು ಬೆವರಿನ ಸಂಜೆ ಕೈಬಿಟ್ಟು ಹೋಗುವುದನ್ನು ನೋಡುತ್ತಿದ್ದ. ಅವನಿಗೆ ಅವುಗಳ ಆಸೆ ಇರಲಿಲ್ಲ. ಅವನು ಬಂದದ್ದು ಇಪ್ಪತ್ತೊಂದನೆಯದಕ್ಕೆ.

"ಒಂಟಿ ಚಪ್ಪಲಿ," ಅಂದರು ಮೇಷ್ಟ್ರು. "ತಂದವರು, ಅಕ್ಕ."

"ಹ್ಞೂಂ," ಅಂದಳು ಅಕ್ಕ.

"ಏನ್ ಹ್ಞೂಂ?" ಭಾವ ಗೋಡೆಯಿಂದ ಬೆನ್ನು ಕಿತ್ತು ಕೂತ. "ಮಾತೆಲ್ಲ ನಂದು. ಚಪ್ಪಲಿ ನಂದು, ಬಲಗಾಲು ನಂದು, ಎಡಗಾಲು ನಂದು. ನೀನು ತಂದಾಗ ಬರೀ ಲ ಲ ಲ ಅಂತಿತ್ತು. ಲ ಲ ಲ ಬೇಕಾದ್ರೆ ತಗೊಂಡು ಹೋಗು."

"ನಾನು ತರ್ದೇ ಇದ್ರೆ ನಿಮ್ಮ ಚಪ್ಪಲಿ ಎಲ್ಲಿ ಇಡ್ತಿದ್ರಿ? ತಲೆ ಮೇಲಾ?"

"ನಿಂಗೆ ಯಾಕೆ ಅದು? ನೀನು ಹಾಡೋದೇ ಇಲ್ಲ ಅಂದ್ಮೇಲೆ ಪೆಟ್ಟಿಗೇಲಿ ಇಟ್ಟು ಪೂಜೆ ಮಾಡ್ತೀಯಾ?"

"ಇಡ್ತೀನಿ. ಪೆಟ್ಟಿಗೇಲೇ ಇಡ್ತೀನಿ. ನನ್ ಇಷ್ಟ."

ಜಗಳ ಹೊತ್ತಿಕೊಂಡಿತು. ಹೊತ್ತಿಕೊಳ್ಳದೆ ಏನು? ಕೊಡೆ ರಿಪೇರಿ ಅಂದರೆ ಜನಕ್ಕೆ ಗೊತ್ತಿದ್ದದ್ದೇ ಆ ಒಂದು ಹಾಡು. ಎಡಗಾಲಿನ ಚಪ್ಪಲಿ ಬಲಗಾಲಿನದನ್ನು ಊರೆಲ್ಲ ಹುಡುಕಿಕೊಂಡು ಹೋಗುತ್ತದೆ, ಬಾಗಿಲು ಬಾಗಿಲಿಗೆ ಹೋಗಿ 'ನಮ್ಮವಳು ಬಂದಿದ್ಲಾ' ಅಂತ ಕೇಳುತ್ತದೆ, ಪ್ರತಿ ಮನೆಯವರೂ ಒಂದೊಂದು ತರಲೆ ಉತ್ತರ ಕೊಡುತ್ತಾರೆ. ಡಬ್ಬಿ ಟ್ರಂಕಿನ ಮೇಲೆ ಧಡಧಡ ಶುರು ಮಾಡಿದರೆ ಸಾಕು, ಮುದುಕರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಮದುವೆಗಳಲ್ಲಿ ಅದಕ್ಕೆ ಕುಣಿದವರೆಷ್ಟೋ. ಅರ್ಧ ಊರಿನ ಫೋನು ಅದೇ ರಾಗದಲ್ಲಿ ಬಡಿದುಕೊಳ್ಳುತ್ತಿತ್ತು.

ಆ ರಾಗ ಅಕ್ಕನದಲ್ಲ ಎಂಬುದು ಡಬ್ಬಿಗೆ ಮಾತ್ರ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಗೊತ್ತಿತ್ತು.

ಡಬ್ಬಿಗೆ ಒಂದು ಮಗುವಿತ್ತು. ಹೆಣ್ಣು. ಹುಟ್ಟುವಾಗಲೇ ಹೃದಯದಲ್ಲಿ ತೂತು ಇಟ್ಟುಕೊಂಡು ಬಂದ ಆ ಮರಿ ಹತ್ತು ತಿಂಗಳು ಬದುಕಿತು. ಆಗ ಅವನು ಬೈಂಡಿಂಗ್ ಕೆಲಸವನ್ನು ಮನೆಯಲ್ಲೇ ಮಾಡುತ್ತಿದ್ದ. ಕಿಟಕಿ ಪಕ್ಕ ಮೇಜು, ಮೇಜಿನ ಪಕ್ಕ ತೊಟ್ಟಿಲು. ಹಾಳೆ ಮಡಚಿ, ಮಡಿಕೆ ಗಟ್ಟಿಯಾಗಿ ಕೂರಲು ಮೂಳೆಯ ಪಟ್ಟಿ ಎಳೆದು, ಮೇಣ ತೀಡಿದ ದಾರದಲ್ಲಿ ಹೊಲಿಯುತ್ತಾ ಕೂತಿರುವಾಗ ಆ ಕೋಣೆಯಲ್ಲಿ ಒಂದು ರಾಗವಿತ್ತು. ಮೂರರ ಎಣಿಕೆಯದು, ಬಹಳ ನಿಧಾನ. ಮೂರನೆಯ ಎಣಿಕೆಯಲ್ಲಿ ತೊಟ್ಟಿಲು ಈ ಕಡೆಯಿಂದ ಆ ಕಡೆಗೆ ಹೋಗುವಷ್ಟು ಜಾಗ. ಮಾತಿಲ್ಲ. ಮಗು ಉಸಿರಾಡಲು ಕಷ್ಟಪಡುವ ದಿನಗಳಲ್ಲಿ ಅದೊಂದೇ ಅದನ್ನು ಮಲಗಿಸುತ್ತಿತ್ತು. ಮಗು ಹೋದ ಮೇಲೆ, ಕೆಲಸಕ್ಕೆ ಕೂತರೆ ಸಾಕು, ಅವನ ಬಾಯಿಂದ ಅದೇ ಬರುತ್ತಿತ್ತು. ಅಕ್ಕ ಆ ದಿನಗಳಲ್ಲಿ ಅಡುಗೆ ಮಾಡಿಕೊಡಲು ಬರುತ್ತಿದ್ದಳು. ಒಲೆಯ ಮುಂದೆ ನಿಂತವಳ ಕಿವಿಗೆ ಅದು ಬೀಳದಿರುತ್ತದೆಯೇ?

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅಕ್ಕ ಇದೇ ಕೋಣೆಗೆ ಬಂದು, 'ಲ್ಯಾಬಲ್ಲಿ ಕೂತಿದ್ದೆ, ಎಲ್ಲಿಂದ್ಲೋ ಒಂದು ಬಂತು, ಕೇಳಿ' ಅಂದು ಹಾಡಿದಳು. ಮೋಸವಿಲ್ಲ ಅವಳಲ್ಲಿ. ಎಲ್ಲಿಂದ ಬಂತೆಂದು ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ. ಡಬ್ಬಿಗೆ ಮೊದಲ ಸಾಲಿಗೇ ಗುರುತು ಸಿಕ್ಕಿತು. ಅದು ನಂದು ಎನ್ನಬೇಕಾದರೆ ಯಾವಾಗಿನದು ಎನ್ನಬೇಕು, ಯಾರಿಗಾಗಿ ಎನ್ನಬೇಕು, ಮರಿಯ ಕೊನೆಯ ಎರಡು ತಿಂಗಳ ಆಸ್ಪತ್ರೆಯನ್ನೆಲ್ಲ ಮತ್ತೆ ಬಾಯಿಗೆ ತಂದುಕೊಳ್ಳಬೇಕು. ಅವನ ಬಾಯಿಗೆ ಆಗ ಅಷ್ಟು ಬಲವಿರಲಿಲ್ಲ. ಮೇಷ್ಟ್ರು 'ತಂದವರು, ಅಕ್ಕ' ಎಂದು ಬರೆದುಕೊಂಡರು. ಭಾವ ಕಟ್ಟಳೆಯಂತೆ ಕೈ ಹಾಕಿ ಚಪ್ಪಲಿ ತುರುಕಿದ. ಮೇಷ್ಟ್ರು ಕೊನೆಯ ಸಾಲನ್ನು ಮೇಲಕ್ಕೆ ತಿರುಗಿಸಿದರು. 'ನೀನು, ಡಬ್ಬಿ?' ಅಂದರು.

ಡಬ್ಬಿ ಎಣಿಕೆ ಬದಲಾಯಿಸಿದ. ಮೂರನ್ನು ಒಡೆದು ನಾಲ್ಕು ಮಾಡಿದ, ವೇಗವನ್ನು ಎರಡು ಪಟ್ಟು ಮಾಡಿದ. ಯಾಕೆಂದರೆ ಅದು ಇದ್ದ ಹಾಗೆ ಇನ್ನೊಂದು ಸಲ ಕಿವಿಗೆ ಬಿದ್ದರೆ ತಾನು ಈ ಕೋಣೆಯ ಕಿಟಕಿಯಿಂದ ಹಾರುವುದು ಖಂಡಿತ ಎಂದು ಅವನಿಗೆ ಅನಿಸಿತ್ತು. ಗುರುತು ಸಿಗದಂತೆ ಮಾಡಿಬಿಟ್ಟರೆ ಬದುಕಬಹುದು ಅಂದುಕೊಂಡ. ಹಾಗೇ ಬದುಕಿದ. ಹದಿನಾಲ್ಕು ವರ್ಷ, ವಾರಕ್ಕೆರಡು ಸಲ, ಟ್ರಂಕಿನ ಮೇಲೆ ಅದನ್ನು ಬಡಿದು ಬಡಿದು, ನಗುತ್ತಾ ಬದುಕಿದ. ಒಂದು ದಿನ, ಎಲ್ಲ ತಣ್ಣಗಾದ ಮೇಲೆ, ಇದನ್ನು ಮನೆಗೆ ತೆಗೆದುಕೊಂಡು ಹೋಗಿ ಮತ್ತೆ ನಿಧಾನ ಮಾಡುತ್ತೇನೆ ಎಂದು ಒಳಗೊಳಗೇ ಇಟ್ಟುಕೊಂಡಿದ್ದ. ಈಗ ಆ ದಿನ ಬಂದಿತ್ತು. ಹಾಡು ಅಕ್ಕನ ಪೆಟ್ಟಿಗೆಗೆ ಇಲ್ಲವೇ ಭಾವನ ಹೊಸ ಬ್ಯಾಂಡಿಗೆ ಹೊರಟು ನಿಂತಿತ್ತು. ಹೊರಟು ಹೋದರೆ ಕಟ್ಟಳೆಯ ಪ್ರಕಾರ ಅವನು ಅದನ್ನು ಗುನುಗಲೂ ಕೂಡದು. ಅವನು ಕಟ್ಟಳೆ ಮೀರುವ ಪೈಕಿಯಲ್ಲ.

"ಡಬ್ಬಿ ಇದ್ದಾನಲ್ಲ, ಅವನೇ ಹೇಳ್ಲಿ," ಅಂದ ಭಾವ. "ಅವನೂ ಇದ್ದ ಅವತ್ತು. ಹೇಳು ಮಾರಾಯ, ನನ್ನ ಮಾತು ಇಲ್ದೇ ಆ ಹಾಡು ಹಾಡೇನೋ?"

"ನೀನೇ ಹೇಳು ತಮ್ಮಾ," ಅಂದಳು ಅಕ್ಕ. "ಯಾರು ತಂದಿದ್ದು?"

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಅವನ ಕಡೆ ನೋಡಿದರು. ಡಬ್ಬಿ ಟ್ರಂಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅದು ನಂದು," ಅಂದ.

ಭಾವನಿಗೆ ನಗು ಬಂತು. "ಏನು, ಟ್ರಂಕಾ?"

"ಹಾಡು. ರಾಗ ನಂದು. ನಮ್ ಮರಿ ಇದ್ದಾಗಿಂದು. ತೊಟ್ಟಿಲ ಹತ್ರ ಕೂತು... ಅಕ್ಕ, ನೀನು ಅಡುಗೆ ಮಾಡೋಕೆ ಬರ್ತಿದ್ದೆಯಲ್ಲ, ಆಗ ಕೇಳಿಸ್ಕೊಂಡಿದೀಯ. ನಿಂಗೆ ಗೊತ್ತಾಗ್ದೇ ಕೇಳಿಸ್ಕೊಂಡಿದೀಯ."

ಅಕ್ಕನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಅವಳು ಕೆಟ್ಟವಳಲ್ಲ, ಇದನ್ನು ಹೇಳಲೇಬೇಕು. ಆ ಮಗುವಿನ ರಕ್ತ ತೆಗೆಯುವಾಗೆಲ್ಲ ಬೇರೆಯವರಿಗೆ ಬಿಡದೆ ತಾನೇ ರಜೆ ಹಾಕಿ ಹೋದವಳು. ಆದರೆ ಗಂಡ, ಮನೆ, ಊರು ಎಲ್ಲ ಕೈಬಿಟ್ಟು ಹೋಗುತ್ತಿರುವ ಹೊತ್ತಿನಲ್ಲಿ ತನ್ನದು ಅಂತ ಉಳಿದದ್ದು ಒಂದೇ ಒಂದು, ಅದನ್ನೂ ಒಡಹುಟ್ಟಿದವನೇ ಬಂದು ಕಸಿದರೆ ಯಾರ ನಾಲಿಗೆ ನೆಟ್ಟಗಿರುತ್ತದೆ?

"ಹದಿನಾಲ್ಕು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು," ಅಂದಳು, "ಇವತ್ತು ಪಾಲಿನ ದಿನ ಬಿಚ್ಚಿದ್ಯಲ್ಲೋ. ಒಂದು ಹಾಡಿಗೋಸ್ಕರ ಸತ್ತ ಮಗೂನ ಮಧ್ಯಕ್ಕೆ ಎಳ್ಕೊಂಡ್ ಬರ್ತೀಯಲ್ಲ. ಥೂ."

ಆ 'ಥೂ' ಬಂದ ಮೇಲೆ ಅವಳೇ ಬಾಯಿ ಮುಚ್ಚಿಕೊಂಡಳು. ಬಂದದ್ದು ಬಂದಾಗಿತ್ತು. ಭಾವ ನೆಲ ನೋಡಿದ. ಆ ಮಧ್ಯಾಹ್ನ ಮೊದಲ ಸಲ ಅವನು ಹೆಂಡತಿಯ ಮಾತನ್ನು ಒಪ್ಪಿದಂತೆ ಕಂಡ.

ಮೇಷ್ಟ್ರು ಮೆಲ್ಲಗೆ, ಗಣಿತದ ಮೇಷ್ಟ್ರ ನ್ಯಾಯದಲ್ಲಿ, "ಹಾಗಿದ್ರೆ ಒಂದ್ ಕೆಲಸ ಮಾಡು ಡಬ್ಬಿ," ಅಂದರು. "ಮುಂಚೆ ಹೇಗಿತ್ತೋ ಹಾಗೆ ಒಂದ್ಸಲ ಹಾಡು. ಅಕ್ಕ ತಂದಿದ್ದಕ್ಕಿಂತ ಮುಂಚಿಂದು. ನಂಗೂ ಸ್ವಲ್ಪ ನೆನಪಿದೆ, ಅವಳು ತಂದಾಗ ನಿಧಾನ ಇತ್ತು. ಹಾಡು. ಕೇಳಿದ್ರೆ ಗೊತ್ತಾಗುತ್ತೆ."

ಡಬ್ಬಿ ಕಣ್ಣು ಮುಚ್ಚಿದ. ಕಿಟಕಿ ತಂದುಕೊಂಡ, ಮೇಜು ತಂದುಕೊಂಡ, ತೊಟ್ಟಿಲು ತಂದುಕೊಂಡ. ತೊಟ್ಟಿಲಿನಿಂದ ಹೊರಗೆ ಇಣುಕುವ ಸಣ್ಣ ಕಾಲನ್ನೂ ತಂದುಕೊಂಡ. ಎಲ್ಲ ಬಂತು. ಬಾಯಿ ತೆರೆದ. ಮೊದಲ ಎರಡು ಸ್ವರ ನಿಧಾನವಾಗಿ ಬಂದವು. ಮೂರನೆಯದಕ್ಕೆ ಬಲಗೈ ತಾನಾಗಿ ತೊಡೆಯ ಮೇಲೆ ಬಿತ್ತು, ನಾಲ್ಕನೆಯದು ಓಡಿ ಬಂತು, ಅಷ್ಟರಲ್ಲಿ ಚಪ್ಪಲಿ ಊರು ಸುತ್ತಲು ಹೊರಟೇ ಬಿಟ್ಟಿತು. ನಿಲ್ಲಿಸಿದ. ಮತ್ತೆ ಶುರು ಮಾಡಿದ. ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂತ. ಈ ಸಲ ಹಿಮ್ಮಡಿ ಬಡಿಯಿತು. ಮೂರನೆಯ ಸಲ ಕೊನೆಯ ಸಾಲು ಮೇಲಕ್ಕೆ ಹೋಯಿತು, ಅದು ಮೇಷ್ಟ್ರು ತಿರುಗಿಸಿದ್ದು. ಮುಂಚೆ ಅದು ಎಲ್ಲಿಗೆ ಹೋಗುತ್ತಿತ್ತು? ಕೆಳಗೆ ಇಳಿಯುತ್ತಿತ್ತೇ? ಅಲ್ಲೇ ನಿಲ್ಲುತ್ತಿತ್ತೇ? ಹುಡುಕಿದ. ಆ ಜಾಗದಲ್ಲಿ ಏನೂ ಇರಲಿಲ್ಲ. ಸಭೆಯ ಚಪ್ಪಾಳೆಯೊಂದೇ ಇತ್ತು.

"ಬರ್ತಿಲ್ಲ," ಅಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಹೋಗ್ಲಿ ಬಿಡು ಡಬ್ಬಿ," ಅಂದ ಭಾವ. ಆ ಕನಿಕರ ಅಕ್ಕನ ಥೂಗಿಂತ ಕಡೆಯಾಗಿತ್ತು.

ಡಬ್ಬಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ಟ್ರಂಕು ಅಲ್ಲೇ ಬಿಟ್ಟ.

ಬಿಸಿಲು ಇನ್ನೂ ಇಳಿದಿರಲಿಲ್ಲ. ಭಾನುವಾರವಾದ್ದರಿಂದ ಅಂಗಡಿಗಳು ಅರ್ಧ ಮುಚ್ಚಿದ್ದವು. ನಡೆಯುತ್ತಾ ಅವನು ಎಣಿಸಿದ. ಒಂದು, ಎರಡು, ಮೂರು. ಒಂದು, ಎರಡು, ಮೂರು. ಎಣಿಕೆ ಬರುತ್ತಿತ್ತು, ಅದರೊಳಗೆ ರಾಗ ಬರುತ್ತಿರಲಿಲ್ಲ. ರಾಗ ಬಂದರೆ ಎಣಿಕೆ ಮುರಿಯುತ್ತಿತ್ತು. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಕಿವಿ ಮುಚ್ಚಿಕೊಂಡು ನೋಡಿದ. ಪಕ್ಕದಲ್ಲಿದ್ದ ಹೆಂಗಸು, ತಲೆನೋವಾ ಅಣ್ಣಾ ಅಂದಳು. ಅವನು ಹೌದು ಅಂದ. ಇನ್ನೇನು ಹೇಳುವುದು? ಹದಿನಾಲ್ಕು ವರ್ಷ ಜೋಪಾನ ಮಾಡಿದ್ದೇನೆ ಅಂದುಕೊಂಡದ್ದನ್ನು ನಾನೇ ಬಡಿದು ಬಡಿದು ಮುಗಿಸಿದ್ದೇನೆ ಅನ್ನುವುದೇ? ಮಗುವಿನ ಒಂದು ಫೋಟೋ ಇತ್ತು, ಅದರಲ್ಲಿ ಮುಖ ಅಲುಗಿ ಮಸುಕಾಗಿತ್ತು. ಬಟ್ಟೆಯನ್ನೆಲ್ಲ ಹೆಂಡತಿ ಆಸ್ಪತ್ರೆಗೆ ಕೊಟ್ಟಿದ್ದಳು. ಉಳಿದದ್ದು ಇದೊಂದೇ ಎಂದು ಅವನು ನಂಬಿಕೊಂಡಿದ್ದ.

ಆಗ ಅವನಿಗೆ ಹೊಳೆಯಿತು. ಆ ಕೋಣೆಯಲ್ಲಿ ಇನ್ನೊಬ್ಬಳು ಇದ್ದಳಲ್ಲ. ಅವಳು ಬ್ಯಾಂಡಿನವಳಲ್ಲ, ಅವಳ ಕೈ ಕೆಟ್ಟಿಲ್ಲ. ಅವಳಿಗೆ ನೆನಪಿರಲೇಬೇಕು. ಅವನು ಎದ್ದು ಬಿರಬಿರನೆ ನಡೆದ, ಕೊನೆಯ ಎರಡು ಬೀದಿ ಓಡಿಯೇ ಬಿಟ್ಟ.

ಹೆಂಡತಿ ಬಾಗಿಲ ಬೆಳಕಿಗೆ ಕೂತು ಒಂದು ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ದಪ್ಪಗಾದವರ ಬಟ್ಟೆ ಸಡಿಲಿಸುವುದು, ಸೊರಗಿದವರ ಬಟ್ಟೆ ಬಿಗಿ ಮಾಡುವುದು ಅವಳ ಕೆಲಸ. ಅವನನ್ನು ನೋಡಿ, "ಇಷ್ಟು ಬೇಗ ಮುಗೀತಾ? ಊಟ ಮಾಡ್ತೀರಾ?" ಅಂದಳು.

ಅವನು ಅವಳ ಮುಂದೆ ನೆಲದ ಮೇಲೆ ಕೂತ. "ಮರಿಗೆ ನಾನು ಹಾಡ್ತಿದ್ನಲ್ಲ," ಅಂದ, "ತೊಟ್ಟಿಲ ಹತ್ರ. ಅದು ಹೇಗಿತ್ತು?"

ಮಗುವಿನ ಮಾತು ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಯಾರೂ ಆಡಿರಲಿಲ್ಲ. ಅವಳು ಕತ್ತರಿ ಕೆಳಗಿಟ್ಟಳು.

"ನೀವು ಯಾವಾಗ ಹಾಡಿದ್ರಿ?"

"ಹಾಡ್ತಿದ್ನಲ್ಲೇ. ಮಾತಿಲ್ದೇ ಇರೋದು. ಅದೇ ಅಲ್ವಾ ಆಮೇಲೆ ಚಪ್ಪಲಿ ಹಾಡು ಆಗಿದ್ದು."

"ನೀವು ಹಾಳೆ ಮಡಚ್ತಿದ್ರಿ," ಅಂದಳು. "ಮಡಚಿ ಮಡಚಿ ಟಕ್ ಟಕ್ ಅಂತ ಮೇಜಿನ ಮೇಲೆ ಒತ್ತಾ ಇದ್ರಿ. ಹಾಡ್ತಿದ್ದೋಳು ನಾನು."

ಅವನು ಅವಳ ಮುಖ ನೋಡುತ್ತಲೇ ಇದ್ದ. ಅವಳ ದನಿಯಲ್ಲಿ ದೂರು ಇರಲಿಲ್ಲ, ಜಗಳ ಇರಲಿಲ್ಲ. ಯಾವುದೋ ಗಿರಾಕಿಗೆ ಅಳತೆ ಹೇಳುವ ಹಾಗೆ ಹೇಳಿದ್ದಳು. ಅವನು ಮತ್ತೆ ಕಿಟಕಿ ತಂದುಕೊಂಡ, ಮೇಜು ತಂದುಕೊಂಡ. ತೊಟ್ಟಿಲ ಆಚೆ ಬದಿಯಲ್ಲಿ ಇವಳು ನೆಲಕ್ಕೆ ಕೂತು, ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ... ಹೌದು. ಇವಳೇ. ಇವಳ ದನಿಯೇ. ಅದು ಅವನು ಆಗ ದಿನವೂ ಕಂಡದ್ದೇ, ಆದರೆ ನೆನಪಿನಲ್ಲಿ ಅವನು ಎಂದೂ ಆ ಕಡೆ ಕತ್ತು ಹೊರಳಿಸಿರಲಿಲ್ಲ. ಮಗುವನ್ನೇ ನೋಡುತ್ತಿದ್ದ. ಆಮೇಲೆ ತನ್ನ ದುಃಖವನ್ನೇ ನೋಡುತ್ತಿದ್ದ. ಅಕ್ಕ ಮಾಡಿದ್ದನ್ನೇ, ಅಕ್ಕನಿಗಿಂತ ಮೊದಲೇ, ತಾನೂ ಮಾಡಿದ್ದ.

"ಯಾಕೆ ಹೇಳ್ಲಿಲ್ಲ ನೀನು?" ಅಂದ.

"ಯಾರಿಗೆ ಹೇಳ್ಲಿ? ಮೊದಲನೇ ಸಲ ನೀವು ಅದನ್ನ ಆಡಿದಾಗ ನಾನು ಬಂದಿದ್ದೆ. ಮುಂದಿನ ಸಾಲಲ್ಲೇ ಕೂತಿದ್ದೆ. ಶುರುವಾದ ತಕ್ಷಣ ಗೊತ್ತಾಯ್ತು. ಎದ್ದು ಹೋಗೋಣ ಅಂತ ನಿಂತೆ. ಸ್ಟೇಜ್ ಮೇಲೆ ನೋಡಿದ್ರೆ ನೀವು ಟ್ರಂಕ್ ಬಡೀತಾ ನಗ್ತಾ ಇದ್ರಿ. ನಾಲ್ಕು ತಿಂಗಳಾಗಿತ್ತು ನೀವು ನಕ್ಕು. ನಗ್ಲಿ ಬಿಡು, ಇದ್ರಿಂದಾದ್ರೂ ನಗ್ತಿದಾರಲ್ಲ ಅಂದ್ಕೊಂಡು ಕೂತೆ. ಚಪ್ಪಾಳೇನೂ ತಟ್ಟಿದೆ."

ಡಬ್ಬಿ ಅಳುತ್ತಿದ್ದ. ಹದಿನಾಲ್ಕು ವರ್ಷದ್ದು ಒಟ್ಟಿಗೆ ಬಂದಿತ್ತು. ಮೂಗು, ಬಾಯಿ, ಭುಜ ಎಲ್ಲ ಅಳುತ್ತಿದ್ದವು. ಅವಳು ಎದ್ದು ನೀರು ತಂದುಕೊಟ್ಟಳು. ಅವನು ಕುಡಿಯಲಿಲ್ಲ. ಅವಳ ಸೆರಗು ಹಿಡಿದುಕೊಂಡ.

"ಈಗ ಹಾಡು," ಅಂದ. "ಒಂದೇ ಒಂದ್ಸಲ. ನಿನ್ ಕಾಲಿಗೆ ಬೀಳ್ತೀನಿ. ನಂಗೆ ಬರ್ತಿಲ್ಲ, ಎಷ್ಟು ಮಾಡಿದ್ರೂ ಬರ್ತಿಲ್ಲ."

ಹಾಡುತ್ತಾಳೆ ಎಂದೇ ಅವನು ಕಾದ. ಅವಳ ತುಟಿ ಅಲುಗಿದ್ದನ್ನು ಕಂಡ.

"ನಂಗೂ ಬರಲ್ಲ," ಅಂದಳು. "ಮೊದಮೊದಲು ನೀವು ಬ್ಯಾಂಡಿಗೆ ಹೋದ್ಮೇಲೆ ಬಾಗಿಲು ಹಾಕ್ಕೊಂಡು ಹಾಡ್ಕೋತಿದ್ದೆ. ಆಮೇಲೆ ಬೀದೀಲಿ ಹಾಕೋರು, ಪಕ್ಕದ ಮನೆ ಮದುವೇಲಿ ಹಾಕೋರು, ಬಟ್ಟೆ ಕೊಡೋಕೆ ಬಂದೋರ ಫೋನಲ್ಲಿ ಬರೋದು. ನಾನು ನಿಧಾನಕ್ಕೆ ಹೋದ್ರೆ ಆ ಡಬ್ಬಾ ಸದ್ದು ಹಿಂದಿಂದ ಬಂದು ತಳ್ಳೋದು. ಎಷ್ಟು ದಿನ ಅಂತ ತಡ್ಕೊಳ್ಲಿ? ಹೋಯ್ತು ಅದು. ಯಾವಾಗ ಹೋಯ್ತೋ ಅದೂ ಗೊತ್ತಿಲ್ಲ."

ಆಗ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮೇಷ್ಟ್ರು. ಎತ್ತುವ ಮನಸ್ಸಿರಲಿಲ್ಲ, ಎತ್ತಿದ.

"ಡಬ್ಬಿ, ಸಿಟ್ಟು ಬಿಡು ಮಾರಾಯ," ಮೇಷ್ಟ್ರ ದನಿಯಲ್ಲಿ ಕಷ್ಟದ ಲೆಕ್ಕ ಬಿಡಿಸಿದ ಗೆಲುವು ಇತ್ತು. "ಅಕ್ಕ ಅಳ್ತಾ ಕೂತಿದಾಳೆ, ಬಾಯ್ತಪ್ಪಿ ಅಂದ್ಬಿಟ್ಟೆ ಅಂತಿದಾಳೆ. ಕೇಳು, ಎಲ್ಲಾರೂ ಒಪ್ಪೋ ಹಾಗೆ ಮಾಡಿದೀನಿ. ಹಾಡನ್ನ ಮೂರು ಪಾಲು ಮಾಡ್ದೆ. ರಾಗ ಅಕ್ಕಂದು, ಮಾತು ಭಾವಂದು, ತಾಳ ನಿಂದು. ಮೂರೂ ಜನ ಸೇರಿದ್ರೆ ಮಾತ್ರ ಹಾಡ್ಬೇಕು, ಇಲ್ದಿದ್ರೆ ಯಾರೂ ಹಾಡೋ ಹಾಗಿಲ್ಲ. ಅವರಿಬ್ರೂ ಒಪ್ಪಿದ್ರು. ನಿನ್ನ ಹೆಸರು ಬರೆದಾಯ್ತು ನೋಡು ಪುಸ್ತಕದಲ್ಲಿ. ಹದಿನೆಂಟು ವರ್ಷಕ್ಕೆ ಮೊದಲನೇ ಸಲ!"

ಡಬ್ಬಿ ಆಯಿತು ಮೇಷ್ಟ್ರೇ ಅಂದು ಫೋನು ಇಟ್ಟ.

ಹೆಂಡತಿ ಕೋಟನ್ನು ಮತ್ತೆ ಮಡಿಲಿಗೆ ಎಳೆದುಕೊಂಡಿದ್ದಳು. "ಏನಂತೆ?" ಅಂದಳು.

"ಹಾಡು ಪಾಲಾಯ್ತಂತೆ. ರಾಗ ಅಕ್ಕಂದಂತೆ." ಅವನು ಮುಖ ಒರೆಸಿಕೊಂಡ. "ಈಗ್ಲೇ ವಾಪಸ್ ಹೋಗಿ ಹೇಳ್ತೀನಿ. ನಿನ್ನ ಹೆಸರು ಬರೆಸ್ತೀನಿ. ನಂಬ್ದೇ ಇದ್ರೆ ನಂಬ್ದೇ ಇರ್ಲಿ."

"ಬೇಡ. ಇಲ್ದೇ ಇರೋದಕ್ಕೆ ನನ್ನ ಹೆಸರು ಯಾಕೆ?" ಅವಳು ದಾರದ ತುದಿ ಹುಡುಕುತ್ತಾ ಕೇಳಿದಳು. "ನಿಮ್ಮ ಹೆಸರಿಗೆ ಏನು ಬರೆದ್ರು?"

"ತಾಳ."

ಅವಳು ಒಂದು ಹೊಲಿಗೆ ಬಿಚ್ಚಿ, ದಾರ ಎಳೆದು, ಪಕ್ಕಕ್ಕೆ ಹಾಕಿದಳು.

"ಅದು ಸರಿಯಾಗಿ ಬರೆದಿದಾರೆ," ಅಂದಳು. "ತಾಳ ನಿಮ್ದೇ."